ಪಪ್ಪಾ, ಅದು ನೈಟ್ರೋಜನ್!

ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಿಂತು ಮಾತಾಡುತ್ತಿದ್ದೆವು. ನಮ್ಮ ಯುವ ಬಳಗದ ಹುಡುಗನೊಬ್ಬ ಹೊಸದಾಗಿ ತೆಗೆದುಕೊಂಡ ಸೆಕೆಂಡ್‌ಹ್ಯಾಂಡ್ ಕಾರನ್ನು ಎಲ್ಲರಿಗೂ ತೋರಿಸುತ್ತಿದ್ದ. ನಾಲ್ಕೂ ಚಕ್ರಗಳ ವಾಲ್ವಿಗೆ ಹಸಿರು ಮುಚ್ಚಳ. “ನೈಟ್ರೋಜನ್ ಹಾಕಿಸಿದ್ದೇನೆ. ಇನ್ನು ಆರು ತಿಂಗಳು ಗಾಳಿ ನೋಡುವ ರಗಳೆಯೇ ಇಲ್ಲ” ಎಂದ. ಎಲ್ಲರೂ ಹೌದೆಂದು ತಲೆ ಆಡಿಸಿದರು. ನಾನು ಮಾತ್ರ ಸುಮ್ಮನಿದ್ದೆ. ಹೇಳಲಿಕ್ಕೆ ತುಂಬ ಇತ್ತು. ಆದರೆ ಹತ್ತು ಜನರ ಎದುರು ಅವನ ಖುಷಿ ಹಾಳು ಮಾಡುವುದು ಬೇಡ ಅನ್ನಿಸಿತು.

ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಇದು ಅವನಿಗೆ ಬುದ್ಧಿ ಹೇಳಲಿಕ್ಕಲ್ಲ. ಎರಡು ವರ್ಷದ ಹಿಂದೆ ಅದೇ ಮಾತನ್ನು ನಾನೂ ಹೇಳಿದ್ದೆ. ಅದೂ ನನ್ನ ಪಪ್ಪನ ಹತ್ತಿರ.

ನನ್ನ ಪಪ್ಪ ಇಪ್ಪತ್ತೈದು ವರ್ಷ ಜೀಪ್ ಓಡಿಸಿದವರು. ಸೀತಾಂಗೋಳಿ, ಪೆರ್ಲ, ಬದಿಯಡ್ಕ ಕಡೆಯ ರಸ್ತೆಗಳಲ್ಲಿ ಟ್ರಿಪ್ ಹೊಡೆದವರು. ಪ್ರತಿ ಶನಿವಾರ ಸಂಜೆ ಜೀಪ್ ತೊಳೆದು, ಒಂದು ಮರದ ಕೊಡತಿ ಹಿಡಿದು ಪ್ರತಿ ಚಕ್ರಕ್ಕೂ ಒಂದೊಂದು ಪೆಟ್ಟು ಹಾಕುತ್ತಿದ್ದರು. ಶಬ್ದ ಕೇಳಿಯೇ ಯಾವುದರಲ್ಲಿ ಗಾಳಿ ಕಡಿಮೆ ಎಂದು ಹೇಳುತ್ತಿದ್ದರು. ಆಮೇಲೆ ಸೀಟಿನ ಅಡಿಯಿಂದ ಗೇಜು ತೆಗೆದು ಅಳೆದು ನೋಡುತ್ತಿದ್ದರು. ನಾವು ಮಕ್ಕಳು ನಗುತ್ತಿದ್ದೆವು. ಮಮ್ಮಿ, “ನಿಮ್ಮ ಪಪ್ಪನಿಗೆ ಮಕ್ಕಳ ಜ್ವರಕ್ಕಿಂತ ಚಕ್ರದ ಗಾಳಿಯದ್ದೇ ಚಿಂತೆ” ಎಂದು ತಮಾಷೆ ಮಾಡುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಪಪ್ಪನ ಎರಡೂ ಕಿಡ್ನಿ ಕೆಟ್ಟಿತು. ಜೀಪ್ ಮಾರಿದೆವು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಮಂಗಳೂರಿಗೆ ಹೋಗಬೇಕಾಯಿತು. ಗಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಓಡುವುದು ಕಾಸರಗೋಡಿನ ನಮಗೆ ಯಾರಿಗೂ ಹೊಸತಲ್ಲ. ನಾನು ಒಂದು ಹಳೆಯ ವ್ಯಾನ್ ತೆಗೆದುಕೊಂಡೆ. ಬೆಳಿಗ್ಗೆ ಐದೂವರೆಗೆ ಹೊರಟರೆ ಏಳು ಗಂಟೆಯ ಸರದಿಗೆ ತಲುಪುತ್ತಿದ್ದೆವು. ಪಪ್ಪ ಎದುರಿನ ಸೀಟಿನಲ್ಲಿ, ಮಮ್ಮಿ ಹಿಂದೆ ಊಟದ ಚೀಲ ಹಿಡಿದುಕೊಂಡು.

ಆ ವರ್ಷ ಟಯರ್ ಬದಲಾಯಿಸಿದಾಗ ಬಂಕಿನ ಹುಡುಗ ನೈಟ್ರೋಜನ್ ಬಗ್ಗೆ ಹೇಳಿದ. ಒಂದು ಚಕ್ರಕ್ಕೆ 50 ರೂಪಾಯಿ. ಸೋರುವುದಿಲ್ಲ, ಬಿಸಿಯಾಗುವುದಿಲ್ಲ, ಟಯರ್ ಒಡೆಯುವುದಿಲ್ಲ, ಮೈಲೇಜ್ ಜಾಸ್ತಿ ಎಂದು ಒಂದೇ ಉಸಿರಿನಲ್ಲಿ ಹೇಳಿದ. 2019ರಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು ಟಯರಿಗೆ ನೈಟ್ರೋಜನ್ ಕಡ್ಡಾಯ ಮಾಡುವ ಬಗ್ಗೆ ಸರ್ಕಾರ ಯೋಚಿಸುತ್ತಿದೆ ಎಂದು ರಾಜ್ಯಸಭೆಯಲ್ಲಿ ಹೇಳಿದ್ದ ಸುದ್ದಿಯೂ ನನಗೆ ನೆನಪಿತ್ತು. ಸಚಿವರೇ ಹೇಳಿದ ಮೇಲೆ ಒಳ್ಳೆಯದೇ ಇರಬೇಕು ಎಂದುಕೊಂಡು 200 ರೂಪಾಯಿ ಕೊಟ್ಟೆ. “ಸ್ಟೆಪ್ನಿಗೂ ಹಾಕಲಾ ಅಣ್ಣ?” ಎಂದು ಕೇಳಿದ. ಅದು ಸುಮ್ಮನೆ ಮಲಗಿರುವ ಚಕ್ರ, ಅದಕ್ಕೆ ಯಾಕೆ 50 ರೂಪಾಯಿ ದಂಡ ಎಂದು ಬೇಡ ಅಂದೆ.

ಆವತ್ತಿನಿಂದ ಗೇಜು ಮುಟ್ಟಲಿಲ್ಲ. ಒಂದು ತಿಂಗಳು, ಎರಡು ತಿಂಗಳು, ನಾಲ್ಕು ತಿಂಗಳು. ಒಂದು ದಿನ ಹಿಂದಿನ ಎಡಗಡೆಯ ಚಕ್ರ ಸ್ವಲ್ಪ ಚಪ್ಪಟೆಯಾದ ಹಾಗೆ ಕಂಡಿತು. ಆ ದಿನ ಹೋದ ಬಂಕಿನಲ್ಲಿ ನೈಟ್ರೋಜನ್ ಇರಲಿಲ್ಲ, ಉಚಿತದ ಸಾದಾ ಗಾಳಿ ಮಾತ್ರ ಇತ್ತು. ಸಾದಾ ಗಾಳಿ ಹಾಕಿದರೆ ಹಣ ಕೊಟ್ಟು ಹಾಕಿಸಿದ ನೈಟ್ರೋಜನ್ ಹಾಳಾಗುತ್ತದೆ ಎಂದು ಹಾಕಿಸದೆ ಬಂದೆ. ಈಗ ಯೋಚಿಸಿದರೆ ನನಗೇ ನಾಚಿಕೆಯಾಗುತ್ತದೆ.

ಅದಾಗಿ ಮೂರೋ ನಾಲ್ಕೋ ದಿನ. ಬೇಸಗೆಯ ಸಮಯ. ಹೆದ್ದಾರಿಯನ್ನು ಆರು ಪಥ ಮಾಡುವ ಕೆಲಸ ಜೋರಾಗಿ ನಡೆಯುತ್ತಿತ್ತು. ರಸ್ತೆ ತುಂಬ ಜಲ್ಲಿ, ಕಬ್ಬಿಣದ ತುಂಡು, ಮೊಳೆ. ಕುಂಬಳೆ ದಾಟಿ ಬಂದ್ಯೋಡು ಹತ್ತಿರ ಬರುವಾಗ ಪಪ್ಪ ತಲೆ ಓರೆ ಮಾಡಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದರು. ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

“ಪುತಾ, ಹಿಂದಿನ ಎಡಗಡೆ ಗಾಳಿ ಕಡಿಮೆ ಉಂಟು. ಗಾಡಿ ಎಳೆಯುವುದು ಗೊತ್ತಾಗ್ತದೆ. ಸ್ವಲ್ಪ ನಿಲ್ಲಿಸಿ ನೋಡುವಾ.”

ನಾನು ನಕ್ಕೆ. “ಪಪ್ಪಾ, ಅದು ನೈಟ್ರೋಜನ್! ನಿಮ್ಮ ಜೀಪಿನ ಕಾಲದ ಗಾಳಿಯಲ್ಲ. ಸೋರುವುದಿಲ್ಲ.”

ಪಪ್ಪ ಮತ್ತೆ ಮಾತಾಡಲಿಲ್ಲ.

ಮೂರು ಕಿಲೋಮೀಟರ್ ಹೋಗಿರಬೇಕು. ಢಬ್ ಎಂಬ ಶಬ್ದ. ವ್ಯಾನಿನ ಹಿಂಭಾಗ ಒಮ್ಮೆಲೇ ಎಡಕ್ಕೆ ಕುಸಿದು ಬಲಕ್ಕೆ ಎಸೆದ ಹಾಗಾಯಿತು. ಹಿಂದಿನಿಂದ ಬರುತ್ತಿದ್ದ ಲಾರಿಯವ ಹಾರ್ನ್ ಒತ್ತಿಕೊಂಡೇ ನಮ್ಮ ಪಕ್ಕಕ್ಕೆ ತಾಗಿದಷ್ಟು ಹತ್ತಿರದಲ್ಲಿ ದಾಟಿ ಹೋದ. ಪಪ್ಪ ನನ್ನ ಕೈ ಮೇಲೆ ಕೈಯಿಟ್ಟು “ಬ್ರೇಕ್ ಒತ್ತಬೇಡ, ಸ್ಟೇರಿಂಗ್ ನೇರ ಹಿಡಿ, ತನ್ನಷ್ಟಕ್ಕೆ ನಿಲ್ಲಲಿ” ಎಂದರು. ಹಾಗೆಯೇ ಮಾಡಿದೆ. ಮಣ್ಣಿನ ರಾಶಿಯ ಬಳಿ ಗಾಡಿ ನಿಂತಿತು. ಹಿಂದಿನ ಸೀಟಿನಲ್ಲಿ ಮಮ್ಮಿ ಅಳುತ್ತಿದ್ದರು.

ಜಾಕಿ ಕೊಟ್ಟು ಚಕ್ರ ತೆಗೆದೆ. ಸ್ಟೆಪ್ನಿ ಇಳಿಸಿ ನೋಡಿದರೆ ಕೈಯಲ್ಲಿ ಒತ್ತಿದಲ್ಲಿಗೆ ತಗ್ಗುತ್ತದೆ. ಒಂದು ವರ್ಷದಿಂದ ಅದಕ್ಕೆ ಯಾರೂ ಗಾಳಿ ಹಾಕಿರಲಿಲ್ಲ. ಗಂಟೆ ಆರೂವರೆ. ಕೊನೆಗೆ ಮೀನಿನ ಪಿಕಪ್‌ನ ಡ್ರೈವರ್ ಒಬ್ಬರು ಗಾಡಿ ನಿಲ್ಲಿಸಿದರು. ಅವರ ಹತ್ತಿರ ಬ್ಯಾಟರಿಗೆ ಸಿಕ್ಕಿಸುವ ಒಂದು ಸಣ್ಣ ಗಾಳಿಯ ಮೆಷಿನ್ ಇತ್ತು. ಸ್ಟೆಪ್ನಿಗೆ ಗಾಳಿ ತುಂಬಿಸಿ, ನಟ್ಟು ಬಿಗಿ ಮಾಡಿಕೊಟ್ಟು, ಹಣ ಬೇಡ ಎಂದು ಹೋದರು. ಆ ದಿನ ನನ್ನ ಪಪ್ಪನನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಆ ಸಾದಾ ಗಾಳಿಯೇ.

ತಲುಪುವಾಗ ಒಂಬತ್ತು ಗಂಟೆ. ನಾಲ್ಕು ಗಂಟೆ ಆಗಬೇಕಾದ ಡಯಾಲಿಸಿಸ್ ಎರಡು ಗಂಟೆಗೆ ಮುಗಿಸಬೇಕಾಯಿತು. ಮುಂದಿನ ಸರದಿಯವರು ಬಂದು ಕಾಯುತ್ತಿದ್ದರು, ಅವರದ್ದೂ ಜೀವವೇ ಅಲ್ಲವೇ? ಮೈಯಲ್ಲಿ ಉಳಿದ ನೀರಿನಿಂದ ಆ ರಾತ್ರಿ ಪಪ್ಪನಿಗೆ ಮಲಗಲಿಕ್ಕೇ ಆಗಲಿಲ್ಲ. ದಿಂಬಿಗೆ ಒರಗಿ ಕುಳಿತೇ ಉಸಿರು ಎಳೆಯುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತಿದ್ದೆ. ಎರಡು ಗಂಟೆಯ ಹೊತ್ತಿಗೆ ಮೆಲ್ಲಗೆ ಹೇಳಿದರು: “ಗಾಡಿ ಬಿಟ್ಟ ಮೇಲೆ ನನ್ನ ಮಾತು ಯಾರಿಗೂ ಬೇಕಾಗುವುದಿಲ್ಲ ಅಂತ ನನಗೆ ಗೊತ್ತುಂಟು ಪುತಾ. ಆದರೆ ಟಯರಿನ ವಿಷಯದಲ್ಲಿ ಆದರೂ ಕೇಳಬಹುದಿತ್ತು.”

ಬೈದಿದ್ದರೆ ಒಳ್ಳೆಯದಿತ್ತು. ಅವರು ಬೈಯಲಿಲ್ಲ.

ಮರುದಿನ ಒಡೆದ ಚಕ್ರವನ್ನು ನಮ್ಮ ಊರಿನ ಪಂಚರ್ ಅಂಗಡಿಗೆ ಒಯ್ದೆ. ಅಂಗಡಿಯವರನ್ನು ಎಲ್ಲರೂ ‘ಇಚ್ಚ’ ಎಂದೇ ಕರೆಯುವುದು. ಅವರು ರಿಮ್ಮಿನಿಂದ ಟಯರ್ ಬಿಡಿಸಿ ಒಳಗೆ ಕೈ ಹಾಕಿ, ಒಂದು ಹಿಡಿ ಕಪ್ಪು ಹುಡಿ ತೆಗೆದು ನನ್ನ ಅಂಗೈಗೆ ಹಾಕಿದರು. ಕಾಫಿ ಹುಡಿಯ ಹಾಗೆ ಇತ್ತು.

“ಇದು ರಬ್ಬರ್ ಮೋನೇ. ಗಾಳಿ ಕಡಿಮೆ ಇದ್ದು ಓಡಿಸಿದರೆ ಬದಿಯ ಗೋಡೆ ಮಡಚಿ ಮಡಚಿ ಒಳಗಿಂದ ಹೀಗೆ ಅರೆದು ಹೋಗ್ತದೆ. ನಿನ್ನೆ ಒಂದು ದಿನದ್ದಲ್ಲ ಇದು.” ಆಮೇಲೆ ಟಯರಿನ ಹೊರಮೈ ತಿರುಗಿಸಿ ಒಂದು ಸಣ್ಣ ಮೊಳೆ ತೋರಿಸಿದರು. ಬೆರಳಿನ ಉಗುರಿಗಿಂತಲೂ ಚಿಕ್ಕದು. ಅದು ಅಲ್ಲೇ ಕುಳಿತು ದಿನಕ್ಕೆ ಸ್ವಲ್ಪ ಸ್ವಲ್ಪವೇ ಸೋರಿಸುತ್ತಿತ್ತು.

“ಇಚ್ಚ, ಇದಕ್ಕೆ ನೈಟ್ರೋಜನ್ ಹಾಕಿದ್ದೆ” ಎಂದೆ.

“ಹೌದಾ? ಮೊಳೆಗೆ ಅದು ಗೊತ್ತಿರಲಿಲ್ಲ ಕಾಣ್ತದೆ” ಎಂದರು.

ಆ ಮಾತು ಮನಸ್ಸಿನಲ್ಲಿ ಉಳಿಯಿತು. ಅಲ್ಲಿಂದ ಈ ನೈಟ್ರೋಜನ್ ಎಂದರೆ ನಿಜವಾಗಿ ಏನು ಎಂದು ಓದಲು, ಕೇಳಿ ತಿಳಿಯಲು ಶುರು ಮಾಡಿದೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಗೆಳೆಯರೇ, ನೈಟ್ರೋಜನ್ ಎಂದರೆ ನಾವು ಶಾಲೆಯಲ್ಲಿ ಕಲಿತ ಸಾರಜನಕವೇ. ನಾವು ಉಸಿರಾಡುವ ಗಾಳಿಯಲ್ಲಿ 78 ಪಾಲು ಅದೇ ಇರುವುದು. 21 ಪಾಲು ಆಮ್ಲಜನಕ, ಉಳಿದ ಒಂದು ಪಾಲಿನಲ್ಲಿ ಆರ್ಗಾನ್ ಮೊದಲಾದವು. ಅಂದರೆ ಸಾದಾ ಗಾಳಿ ಹಾಕಿಸಿದರೂ ಟಯರಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇರುವುದು ನೈಟ್ರೋಜನ್ನೇ! ಬಂಕಿನ ಮೆಷಿನ್ ಬೇರೆ ಲೋಕದಿಂದ ಏನನ್ನೂ ತರುವುದಿಲ್ಲ. ಹೊರಗಿನ ಗಾಳಿಯನ್ನೇ ಎಳೆದು, ಆಮ್ಲಜನಕ ಮತ್ತು ನೀರಿನ ಪಸೆಯನ್ನು ಬೇರೆ ಮಾಡಿ, ಉಳಿದ ನೈಟ್ರೋಜನ್ ಕೊಡುತ್ತದೆ.

ಇನ್ನೊಂದು ಲೆಕ್ಕ ನೋಡಿ. ಟಯರಿನ ಗಾಳಿ ಪೂರ್ತಿ ಬಿಟ್ಟರೂ ಒಳಗೆ ಹೊರಗಿನಷ್ಟೇ ಒತ್ತಡದ ಗಾಳಿ, ಅಂದರೆ 14.7 ಪಿಎಸ್‌ಐ ಉಳಿದೇ ಇರುತ್ತದೆ. ಅದರ ಮೇಲೆ 32ರಷ್ಟು ಒತ್ತಡಕ್ಕೆ, ನೂರಕ್ಕೆ 95 ಪಾಲು ಶುದ್ಧವಾದ ನೈಟ್ರೋಜನ್ ತುಂಬಿಸಿದರೆ ಒಟ್ಟು ಮಿಶ್ರಣದಲ್ಲಿ ನೈಟ್ರೋಜನ್ ಇರುವುದು ಸುಮಾರು 90 ಪಾಲು ಮಾತ್ರ. 78 ಇದ್ದದ್ದು 90 ಆಯಿತು, ಅಷ್ಟೆ. ಇನ್ನೂ ಶುದ್ಧ ಬೇಕಾದರೆ ಎರಡು ಮೂರು ಸಲ ಬಿಟ್ಟು ತುಂಬಿಸಬೇಕು.

ಹಾಗಾದರೆ ಉಪಯೋಗವೇ ಇಲ್ಲವೇ? ಇದೆ. ಬಂಕಿನ ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಟಯರಿನ ರಬ್ಬರ್ ಮೂಲಕ ಗಾಳಿ ತುಂಬ ನಿಧಾನವಾಗಿ ಹೊರಗೆ ಹೋಗುತ್ತಲೇ ಇರುತ್ತದೆ. ಆಮ್ಲಜನಕ ಹೀಗೆ ನುಸುಳುವುದು ನೈಟ್ರೋಜನ್‌ಗಿಂತ ಬೇಗ. ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಎಂಬ ಗ್ರಾಹಕ ಪತ್ರಿಕೆಯವರು 31 ಬಗೆಯ ಟಯರ್‌ಗಳನ್ನು ಜೋಡಿ ಜೋಡಿಯಾಗಿ ತಂದು, ಒಂದಕ್ಕೆ ಗಾಳಿ, ಇನ್ನೊಂದಕ್ಕೆ ನೈಟ್ರೋಜನ್ 30 ಪಿಎಸ್‌ಐ ತುಂಬಿಸಿ, ಒಂದು ವರ್ಷ ಹೊರಗೆ ಇಟ್ಟು ಅಳೆದರು. ಸರಾಸರಿಯಲ್ಲಿ ಗಾಳಿಯ ಟಯರ್‌ನಲ್ಲಿ 3.5, ನೈಟ್ರೋಜನ್ ಟಯರ್‌ನಲ್ಲಿ 2.2 ಕಡಿಮೆಯಾಗಿತ್ತು. ಒಂದು ವರ್ಷಕ್ಕೆ 1.3ರ ವ್ಯತ್ಯಾಸ. ಗಮನಿಸಿ, ನೈಟ್ರೋಜನ್ ಕೂಡ ಕಡಿಮೆಯಾಗಿತ್ತು. ಅದೂ ಓಡಿಸದೆ, ಮೊಳೆ ಚುಚ್ಚದೆ, ಸುಮ್ಮನೆ ಇಟ್ಟ ಟಯರಿನಲ್ಲಿ!

ಎರಡನೆಯ ಉಪಯೋಗ, ಅದರಲ್ಲಿ ನೀರಿನ ಪಸೆ ಇರುವುದಿಲ್ಲ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಗಾಳಿ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನಿಂತ ನೀರನ್ನು ಆಗಾಗ ಬಿಡದಿದ್ದರೆ ಆ ನೀರೂ ಟಯರಿನ ಒಳಗೆ ಹೋಗುತ್ತದೆ. ರಿಮ್ಮಿಗೆ ತುಕ್ಕು ಹಿಡಿಯುತ್ತದೆ.

ಆದರೆ “ಬಿಸಿಯಾಗುವುದಿಲ್ಲ” ಎಂಬುದು ಸರಿಯಲ್ಲ. ಒಣ ಗಾಳಿಯಾಗಲಿ, ನೈಟ್ರೋಜನ್ ಆಗಲಿ, ಬಿಸಿ ಏರಿದಾಗ ಒತ್ತಡ ಏರುವುದು ಒಂದೇ ಲೆಕ್ಕದಲ್ಲಿ. 27 ಡಿಗ್ರಿಯಲ್ಲಿ 33 ಇದ್ದದ್ದು ಚಕ್ರ 57 ಡಿಗ್ರಿಗೆ ಬಿಸಿಯಾದರೆ ಹತ್ತಿರ ಹತ್ತಿರ 38 ಆಗುತ್ತದೆ, ಒಳಗೆ ಯಾವುದೇ ಇರಲಿ. ಟಯರ್ ಒಡೆಯಲು ದೊಡ್ಡ ಕಾರಣ ಒಳಗಿನ ಗಾಳಿಯ ಜಾತಿಯಲ್ಲ, ಅದರ ಕೊರತೆ. ಒತ್ತಡ ಕಡಿಮೆಯಾದಾಗ ಟಯರಿನ ಬದಿ ಪ್ರತಿ ಸುತ್ತಿಗೂ ಮಡಚುತ್ತದೆ, ಮಡಚಿದಾಗ ಬಿಸಿಯಾಗುತ್ತದೆ, ಬಿಸಿಗೆ ರಬ್ಬರ್ ಮತ್ತು ಒಳಗಿನ ನೂಲಿನ ಪದರ ಬಿಟ್ಟುಕೊಳ್ಳುತ್ತದೆ. ಇಚ್ಚ ನನ್ನ ಕೈಗೆ ಹಾಕಿದ ಆ ಕಪ್ಪು ಹುಡಿ ಹೀಗೆ ಆದದ್ದು.

ನೈಟ್ರೋಜನ್ ನಿಜವಾಗಿಯೂ ಜೀವದ ಪ್ರಶ್ನೆಯಾಗುವುದು ವಿಮಾನಗಳಲ್ಲಿ. 1986ರ ಮಾರ್ಚ್ 31ರಂದು ಮೆಕ್ಸಿಕೋ ನಗರದಿಂದ ಹೊರಟ ಬೋಯಿಂಗ್ 727 ವಿಮಾನವೊಂದು ಬೆಟ್ಟಕ್ಕೆ ಬಿದ್ದು ಅದರಲ್ಲಿದ್ದ 167 ಜನರೂ ಸತ್ತರು. ಬ್ರೇಕ್ ಹಿಡಿದುಕೊಂಡು ಚಕ್ರ ವಿಪರೀತ ಬಿಸಿಯಾಗಿ, ಆಕಾಶದಲ್ಲಿ ಚಕ್ರ ಮಡಚಿಡುವ ಜಾಗದಲ್ಲೇ ಟಯರ್ ಸ್ಫೋಟಿಸಿತ್ತು. ಆ ಟಯರಿಗೆ ನೈಟ್ರೋಜನ್ ಬದಲು ಸಾದಾ ಗಾಳಿ ತುಂಬಿಸಿದ್ದರು. ಅಷ್ಟು ಬಿಸಿಯಲ್ಲಿ ರಬ್ಬರಿನಿಂದ ಹೊರಡುವ ಆವಿಗೆ ಆಮ್ಲಜನಕ ಸೇರಿದರೆ ಬೆಂಕಿಗೆ ದಾರಿ. ಮರುವರ್ಷವೇ ಅಮೆರಿಕದ ವಿಮಾನಯಾನ ಇಲಾಖೆ ದೊಡ್ಡ ವಿಮಾನಗಳ ಟಯರಿಗೆ ನೈಟ್ರೋಜನ್ ಕಡ್ಡಾಯ ಮಾಡಿತು. ಮೇಲೆ ಹೋದಾಗ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ, ಇಳಿಯುವಾಗ ಬ್ರೇಕಿನ ಉರಿ ಎರಡನ್ನೂ ತಡೆಯಬೇಕಾದ ಚಕ್ರ ಅದು. ಕುಂಬಳೆಯಿಂದ ಮಂಗಳೂರಿಗೆ ಹೋಗುವ ನಮ್ಮ ವ್ಯಾನಿಗೆ ಆ ಕಷ್ಟವಿಲ್ಲ.

ಆದ್ದರಿಂದ ನೈಟ್ರೋಜನ್ ಹಾಕಿಸಿದ್ದು ನನ್ನ ತಪ್ಪಲ್ಲ. ಅದನ್ನು ಹಾಕಿಸಿದ ಮೇಲೆ ನೋಡುವುದನ್ನು ಬಿಟ್ಟದ್ದು ತಪ್ಪು. 200 ರೂಪಾಯಿ ಕೊಟ್ಟು ನಾನು ಕೊಂಡುಕೊಂಡದ್ದು ಒಳ್ಳೆಯ ಗಾಳಿಯನ್ನಲ್ಲ, ಚಿಂತೆ ಮಾಡಬೇಕಾಗಿಲ್ಲ ಎಂಬ ಧೈರ್ಯವನ್ನು. ಆ ಧೈರ್ಯದಲ್ಲಿ, ಪಕ್ಕದಲ್ಲೇ ಕುಳಿತು ಇಪ್ಪತ್ತೈದು ವರ್ಷದ ಅನುಭವದಿಂದ ಮಾತಾಡಿದ ಮನುಷ್ಯನ ಮಾತನ್ನೂ ನಕ್ಕು ತಳ್ಳಿಬಿಟ್ಟೆ.

ಈಗ ನಾನು ಮಾಡುವುದನ್ನು ಹೇಳುತ್ತೇನೆ, ಬೇಕಾದವರು ತೆಗೆದುಕೊಳ್ಳಿ. ಒಂದು ಗೇಜು ತೆಗೆದುಕೊಂಡು ಮನೆಯಲ್ಲೇ ಇಟ್ಟಿದ್ದೇನೆ. ಗಾಳಿ ನೋಡುವುದು ಚಕ್ರ ತಣ್ಣಗಿರುವಾಗ, ಅಂದರೆ ಮೂರು ಗಂಟೆಯಾದರೂ ಗಾಡಿ ನಿಂತ ಮೇಲೆ. ಓಡಿಸಿ ಬಂದ ಕೂಡಲೇ ನೋಡಿದರೆ ಬಿಸಿಗೆ ಹೆಚ್ಚು ತೋರಿಸುತ್ತದೆ, ನಾವು ಸರಿ ಇದೆ ಎಂದು ಮೋಸ ಹೋಗುತ್ತೇವೆ. ಎಷ್ಟು ಇರಬೇಕು ಎಂಬುದು ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲೋ ಗಾಡಿಯ ಜೊತೆ ಬಂದ ಪುಸ್ತಕದಲ್ಲೋ ಇರುತ್ತದೆ. ಜನ, ಸಾಮಾನು ತುಂಬಿದಾಗಿನ ಲೆಕ್ಕ ಬೇರೆ ಇದ್ದರೆ ಅದನ್ನೂ ನೋಡಿಕೊಳ್ಳಿ. ಟಯರಿನ ಬದಿಯಲ್ಲಿ ಬರೆದಿರುವುದು ಆ ಟಯರ್ ತಡೆಯುವ ಗರಿಷ್ಠ ಒತ್ತಡ, ಅದು ನಿಮ್ಮ ಗಾಡಿಗೆ ಬೇಕಾದ ಅಳತೆಯಲ್ಲ. ಸ್ಟೆಪ್ನಿಯನ್ನು ಮರೆಯಬೇಡಿ. ನೈಟ್ರೋಜನ್ ಇರುವ ಚಕ್ರದಲ್ಲಿ ಗಾಳಿ ಕಡಿಮೆ ಕಂಡರೆ, ನೈಟ್ರೋಜನ್ ಸಿಗದಿದ್ದರೆ, ಧೈರ್ಯವಾಗಿ ಸಾದಾ ಗಾಳಿಯನ್ನೇ ಹಾಕಿಸಿ. ಏನೂ ಹಾಳಾಗುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಉಚಿತ, ಕುಡಿಯುವ ನೀರಿನ ಹಾಗೆ ಅದು ಅವರು ಕೊಡಲೇಬೇಕಾದದ್ದು. ಒಂದೇ ಚಕ್ರ ಪದೇ ಪದೇ ಕಡಿಮೆಯಾದರೆ ಗಾಳಿ ತುಂಬಿಸಿ ಸುಮ್ಮನಿರಬೇಡಿ. ಸೋಪು ನೀರು ಹಚ್ಚಿ ನೋಡಿದರೆ ಗುಳ್ಳೆ ಬರುವಲ್ಲಿ ಮೊಳೆ ಇರುತ್ತದೆ.

ನಮ್ಮ ಮನೆಯಲ್ಲಿ ಈಗ ಶನಿವಾರ ಸಂಜೆಯ ಕೆಲಸ ಮತ್ತೆ ಶುರುವಾಗಿದೆ. ಪಪ್ಪನಿಗೆ ಬಗ್ಗಿ ಚಕ್ರ ನೋಡಲಿಕ್ಕೆ ಆಗುವುದಿಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿ, ತೊಡೆಯ ಮೇಲೆ ಒಂದು ಹಳೆಯ ನೋಟ್‌ಬುಕ್ ಇಟ್ಟುಕೊಂಡು ಕೂರುತ್ತಾರೆ. ನಾನು ಒಂದೊಂದೇ ಚಕ್ರದ ಅಳತೆ ಕೂಗಿ ಹೇಳುತ್ತೇನೆ, ಅವರು ಬರೆದುಕೊಳ್ಳುತ್ತಾರೆ. ಹೋದ ವಾರದ್ದಕ್ಕೆ ಹೋಲಿಸಿ ನೋಡುತ್ತಾರೆ. ಕಳೆದ ತಿಂಗಳು ಒಂದು ದಿನ “ಎದುರಿನ ಬಲಗಡೆ ಎರಡು ವಾರದಿಂದ ಎರಡೆರಡು ಕಡಿಮೆ ಆಗ್ತಾ ಉಂಟು, ಇಚ್ಚನ ಹತ್ತಿರ ತೋರಿಸು” ಎಂದರು. ಅದೇ ಸಂಜೆ ತೋರಿಸಿದೆ. ವಾಲ್ವಿನ ಬುಡದ ರಬ್ಬರ್ ಬಿರುಕು ಬಿಟ್ಟಿತ್ತು. ಬದಲಾಯಿಸಿದೆವು. ಮನೆಗೆ ಬಂದು ಹೇಳಿದಾಗ ಪಪ್ಪ ಏನೂ ಮಾತಾಡಲಿಲ್ಲ, ನೋಟ್‌ಬುಕ್ಕಿನಲ್ಲಿ ಅದನ್ನೂ ತಾರೀಕು ಹಾಕಿ ಬರೆದರು.

ಹಸಿರು ಮುಚ್ಚಳದ ಗೆಳೆಯಾ, ಇದನ್ನು ಓದುತ್ತಿದ್ದರೆ ಬೇಸರ ಮಾಡಬೇಡ. ನಿನ್ನ ಕಾರು ಚೆನ್ನಾಗಿದೆ. ನೈಟ್ರೋಜನ್ ಇರಲಿ. ಈ ಶನಿವಾರ ಸಂಜೆ ಕಾರು ತೆಗೆದುಕೊಂಡು ನಮ್ಮ ಮನೆಗೆ ಬಾ, ಬಂದು ಚಾ ಕುಡಿದು ಚಕ್ರ ತಣಿಯುವವರೆಗೆ ಕೂತುಕೋ. ಗೇಜು ನನ್ನಲ್ಲಿ ಉಂಟು. ಪಪ್ಪನ ನೋಟ್‌ಬುಕ್ಕಿನಲ್ಲಿ ನಿನಗೂ ಒಂದು ಪುಟ ಕೊಡಿಸುತ್ತೇನೆ.